ಅಣಬೆ ಚೀಲಕ್ಕೆ ಹಸಿರು ಬೂಷ್ಟು ಬರದಂತೆ ತಡೆಯುವುದು ಹೇಗೆ?

ಮನೆಯಲ್ಲಿ ಸಿಂಪಿ ಅಣಬೆ ಬೆಳೆಯಲು ಹೊರಟ ಎಷ್ಟೋ ಜನ ಮೊದಲ ಸಲವೇ ಕೈಬಿಡುತ್ತಾರೆ. ಹುಲ್ಲು, ಬೀಜ ತುಂಬಿ ಚೀಲ ಕಟ್ಟಿ ವಾರ ಕಳೆಯುವಷ್ಟರಲ್ಲಿ ಒಳಗೆ ಹಸಿರು ಮಚ್ಚೆ. ಬೀಜ (ಅಂದರೆ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ, ಸ್ಪಾನ್) ಕೆಟ್ಟದ್ದು ಅಂತ ಬೈಯುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಜಾಸ್ತಿ ಇರುವುದು ಹುಲ್ಲಿನಲ್ಲಿ.

1. ಮಳೆಗೆ ನೆನೆಯದ, ಹೊಂಬಣ್ಣದ ಹೊಸ ಭತ್ತದ ಹುಲ್ಲು ತನ್ನಿ. ಎರಡು ಇಂಚಿಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ. ಇಳುವರಿ ಹೆಚ್ಚಲಿ ಅಂತ ತೌಡು ಬೆರೆಸಬೇಡಿ. ಅದು ಬೂಷ್ಟಿಗೂ ಒಳ್ಳೆಯ ಊಟ.

2. ಹುಲ್ಲನ್ನು ಗೋಣಿಚೀಲಕ್ಕೆ ತುಂಬಿ 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಹಬೆ ಕಂಡರೆ ಸಾಕು ಅನ್ನಬೇಡಿ, ಥರ್ಮಾಮೀಟರ್ ಇಟ್ಟು ನೋಡಿ. ಹುಲ್ಲು ತೇಲುತ್ತದೆ, ಮೇಲೆ ಕಲ್ಲು ಹೇರಲೇಬೇಕು. ನೀರಿನಿಂದ ಹೊರಗುಳಿದ ಹುಲ್ಲಿನಲ್ಲಿ ಬೂಷ್ಟಿನ ಬೀಜಕಣ ಸಾಯುವುದಿಲ್ಲ. ಫಾರ್ಮಾಲಿನ್, ಕಾರ್ಬೆಂಡಜಿಮ್ ಎಂಬ ರಾಸಾಯನಿಕ ಬೆರೆಸಿದ ತಣ್ಣೀರಿನಲ್ಲಿ ನೆನೆಸುವ ವಿಧಾನವೂ ಇದೆ. ಮನೆಮಂದಿ ತಿನ್ನುವ ಅಣಬೆಗೆ ಅದು ಬೇಡವೇ ಬೇಡ.

3. ಇನ್ನು ಹುಲ್ಲನ್ನು ಆರಲು ಬಿಡುವುದು. ಎಲ್ಲರೂ ಅವಸರ ಮಾಡುವುದು ಇಲ್ಲೇ. ನೀರು ಬಸಿದ ಹುಲ್ಲನ್ನು ತೊಳೆದ ಟಾರ್ಪಾಲಿನ ಮೇಲೆ, ಗಾಳಿ ದೂಳು ಬಾರದ ಒಳಕೋಣೆಯಲ್ಲಿ ತೆಳ್ಳಗೆ ಹರಡಿ. ಫ್ಯಾನ್ ಹಾಕಬೇಡಿ, ರೆಕ್ಕೆಯ ದೂಳೆಲ್ಲ ಹುಲ್ಲಿಗೆ ಬೀಳುತ್ತದೆ. ಆಗಾಗ ತಿರುವಿ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಹನಿ ಬಿದ್ದರೆ ಇನ್ನೂ ಕಾಯಿರಿ. ಹನಿ ಬೀಳದೆ ಅಂಗೈ ಮಾತ್ರ ಒದ್ದೆಯಾದರೆ ಹದ ಸರಿ. ಒಂದೇ ಕಡೆ ನೋಡಿದರೆ ಸಾಲದು, ರಾಶಿಯ ಅಡಿಯಿಂದಲೂ ತೆಗೆದು ಹಿಂಡಿ. ನೀರು ಜಾಸ್ತಿಯಾದರೆ ಚೀಲದ ತಳದಲ್ಲಿ ನಿಲ್ಲುತ್ತದೆ, ಅಲ್ಲಿ ಗಾಳಿಯಾಡುವುದಿಲ್ಲ, ಅಣಬೆಯ ಬಿಳಿ ಎಳೆ ಇಳಿಯುವುದಿಲ್ಲ. ಆ ಜಾಗವನ್ನು ಬೂಷ್ಟು ಹಿಡಿಯುತ್ತದೆ. ಬಿಸಿಯೂ ಅಷ್ಟೇ. ಮೇಲೆ ತಣ್ಣಗಿದ್ದರೂ ನಡುವೆ ಬಿಸಿ ಉಳಿದಿರುತ್ತದೆ. ಕೈ ತೂರಿಸಿ ನೋಡಿ. ಬಿಸಿ ಹುಲ್ಲಿಗೆ ಬಿದ್ದ ಬೀಜ ಸತ್ತೇ ಹೋಗುತ್ತದೆ.

4. ಬೀಜ ತಾಜಾ ಇರಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಕಾಳಿನ ಮೇಲೆಲ್ಲ ಬಿಳಿ ಹಬ್ಬಿರಬೇಕು. ಹಸಿರು, ಕಪ್ಪು ಚುಕ್ಕಿ ಕಂಡರೆ, ಹುಳಿ ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಎಸೆಯಿರಿ. 5 ಕೆ.ಜಿ. ಹಸಿ ಹುಲ್ಲಿಗೆ 150 ಗ್ರಾಂ ಬೀಜ. ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು, ಬೀಜ ಪದರ ಪದರವಾಗಿ ಹಾಕಿ, ಬಾಯಿ ಕಟ್ಟಿ, ಚೀಲಕ್ಕೆ ತೂತು ಮಾಡಿ.

ಅಡಿಕೆ, ಶುಂಠಿ, ಮೆಣಸು ಬೆಳೆಯುವವರು ಇದನ್ನು ಗಮನಿಸಿ. ತೋಟದ ರೋಗಕ್ಕೆ ನೀವು ಹಾಕುವ ಟ್ರೈಕೋಡರ್ಮಾ ಪುಡಿ ಇದೆಯಲ್ವಾ, ಅದರಲ್ಲಿರುವುದು ಜೀವಂತ ಬೂಷ್ಟು. ಅಣಬೆ ಚೀಲದ ಹಸಿರು ಬೂಷ್ಟೂ ಹೆಚ್ಚಾಗಿ ಅದೇ ಜಾತಿಯದು. ಆ ಪ್ಯಾಕೆಟ್ ಅಣಬೆ ಕೋಣೆಯ ಹತ್ತಿರವೂ ಬರಕೂಡದು. ಪುಡಿ ಮುಟ್ಟಿದ ದಿನ ಸ್ನಾನ ಮಾಡಿ, ಬಟ್ಟೆ ಬದಲಿಸದೆ ಒಳಗೆ ಹೋಗಬೇಡಿ.

5. ಸುಮಾರು 25 ಡಿಗ್ರಿಯ ಕತ್ತಲ ಕೋಣೆಯಲ್ಲಿ ಎರಡು ಮೂರು ವಾರ ಇಡಿ. ದಿನಾ ನೋಡಿ, ಆದರೆ ಚೀಲ ಬಿಚ್ಚಬೇಡಿ. ಈ ಬೂಷ್ಟು ಮೊದಲು ಬೆಳ್ಳಗೇ ಇರುತ್ತದೆ, ಆಮೇಲೆ ಹಸಿರಾಗುತ್ತದೆ. ಹಸಿರಾಯಿತೆಂದರೆ ಬೀಜಕಣ ಹಾರಲು ತಯಾರು. ಮಚ್ಚೆ ಕತ್ತರಿಸಿ ಸುಣ್ಣ ಹಚ್ಚುವವರಿದ್ದಾರೆ. ಕತ್ತರಿಸುವಾಗಲೇ ಅದು ಕೋಣೆ ತುಂಬಾ ಹರಡುತ್ತದೆ. ಚೀಲವನ್ನು ಅಲುಗಾಡಿಸದೆ ಇನ್ನೊಂದು ಕವರಿನೊಳಗೆ ಕಟ್ಟಿ, ದೂರ ಒಯ್ದು ಹೂಳಿ. ಮೂಗಿಗೆ ಮಾಸ್ಕ್ ಇರಲಿ. ಉಳಿದ ಚೀಲಗಳನ್ನು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.