ತಿರುಗದ ಥಂಡರ್‌ಜೆಟ್ ಮೋಟಾರು: ನನ್ನ ಅನುಭವ

ಚಪ್ಪಟೆಯಾದ ಆರ್ಮೇಚರ್ (ಮೋಟಾರಿನಲ್ಲಿ ತಿರುಗುವ, ತಂತಿ ಸುತ್ತಿದ ಭಾಗ) ನೆಟ್ಟಗೆ ನಿಂತ ಶಾಫ್ಟಿನ ಮೇಲಿದ್ದು, ಗೇರುಗಳು ಚಾಸಿಯ ಮೇಲ್ಭಾಗದಲ್ಲೇ ಕಾಣುತ್ತಿದ್ದುದರಿಂದ, ನನ್ನ ಕೈಸೇರಿದ ಹಳೆಯ ಸ್ಲಾಟ್ ಕಾರಿನಲ್ಲಿ (ಟ್ರ್ಯಾಕಿನ ಸೀಳು ಹಿಡಿದು ಓಡುವ ವಿದ್ಯುತ್ ಆಟಿಕೆ ಕಾರು) ಇರುವುದು 1960ರ ದಶಕದ ಅಮೆರಿಕದ ಅರೋರಾ ಥಂಡರ್‌ಜೆಟ್ 500 ಮೋಟಾರೆಂದು ಗುರುತಿಸಿದೆ. ಕರೆಂಟು ಕೊಟ್ಟರೆ ಅದು ಬಿಸಿಯಾಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ.

ಆರ್ಮೇಚರ್‌ಗೆ ಕರೆಂಟು ಮುಟ್ಟಿಸುವ ಇಂಗಾಲದ ಬ್ರಷ್‌ಗಳು ಸವೆದಿರಲಿಲ್ಲ. ಆರ್ಮೇಚರ್‌ನ ಅಡಿಯಲ್ಲಿರುವ, ಬ್ರಷ್‌ಗಳು ತಾಗುವ ಕಮ್ಯುಟೇಟರ್‌ನ ಮೂರು ತುಂಡುಗಳ ನಡುವೆ ಮಲ್ಟಿಮೀಟರ್ ಇಟ್ಟು ನೋಡಿದಾಗ ರೋಧವೂ ಹೆಚ್ಚುಕಡಿಮೆ ಒಂದೇ ಆಗಿತ್ತು, ಅಂದರೆ ತಂತಿಸುರುಳಿಗಳಲ್ಲಿ ದೋಷ ಕಾಣಲಿಲ್ಲ. ಕೊನೆಗೆ ಎರಡೂ ಆಯಸ್ಕಾಂತಗಳನ್ನು ಹೊರತೆಗೆದು, ಆರ್ಮೇಚರ್‌ನತ್ತ ಇರುವ ಒಳಬಾಗಿದ ಮುಖಗಳನ್ನು ಎದುರುಬದುರು ಹಿಡಿದರೆ, ಪರಸ್ಪರ ಸೆಳೆಯಬೇಕಾದ ಅವು ಒಂದನ್ನೊಂದು ತಳ್ಳಿದವು. ಹಿಂದೆ ಯಾರೋ ಒಂದೇ ಧ್ರುವದ ಎರಡನ್ನು ಜೋಡಿಸಿದ್ದರು. ಧ್ರುವವು ಆ ಬಾಗಿದ ಮುಖದಲ್ಲೇ ಇರುವುದರಿಂದ ತಲೆಕೆಳಗು ಮಾಡಿದರೂ ಪ್ರಯೋಜನವಿಲ್ಲ. ವಿರುದ್ಧ ಧ್ರುವದ ಆಯಸ್ಕಾಂತವನ್ನೇ ಹುಡುಕಿ ಹಾಕಿದ ಮೇಲೆ ಮೋಟಾರು ಸಲೀಸಾಗಿ ತಿರುಗಿತು.