ಪ್ರಾಗ್‌ನ ಗಡಿಯಾರದ ಕೆಳಗೆ

ಡ್ರೆಸ್ಡೆನ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ನಾನೂ ನನ್ನ ಹೆಂಡತಿಯೂ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಜರ್ಮನಿಗೆ ಹೋಗಿದ್ದೆವು. ಅಲ್ಲಿಂದ ಎಲ್ಬೆ ನದಿಯ ದಂಡೆಯಲ್ಲೇ ಸಾಗುವ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ ಕುಳಿತರೆ ಪ್ರಾಗ್ ಸಿಗುತ್ತದೆ. ನಮ್ಮ ಕೈಯಲ್ಲಿ ನಾಲ್ಕು ದಿನಗಳಿದ್ದವು. ಮೊದಲ ದಿನ ಒಂದು ಪ್ರವಾಸಿ ಗುಂಪಿನ ಜೊತೆ ಸೇರಿ ಮೂರೇ ಗಂಟೆಗಳಲ್ಲಿ ಸೇತುವೆ, ಚೌಕ, ಕೋಟೆ ಎಲ್ಲವನ್ನೂ ಮುಗಿಸಿದೆವು. ರಾತ್ರಿ ಕೋಣೆಯಲ್ಲಿ ಕುಳಿತು ನೆನಪಿಸಿಕೊಂಡಾಗ ಮಾರ್ಗದರ್ಶಿ ಎತ್ತಿ ಹಿಡಿದಿದ್ದ ಹಳದಿ ಕೊಡೆಯ ಹೊರತು ಬೇರೇನೂ ಕಣ್ಣಿಗೆ ಕಟ್ಟಲಿಲ್ಲ. ಆದ್ದರಿಂದ ಉಳಿದ ದಿನಗಳಲ್ಲಿ ದಿನಕ್ಕೊಂದೇ ಜಾಗ, ಅದನ್ನೂ ಎರಡು ಬೇರೆ ಬೇರೆ ಹೊತ್ತಿನಲ್ಲಿ ನೋಡುವುದೆಂದು ನಿಶ್ಚಯಿಸಿದೆವು.

ಎರಡನೆಯ ದಿನ ಬೆಳಕು ಹರಿಯುವ ಮೊದಲೇ ಚಾರ್ಲ್ಸ್ ಸೇತುವೆಗೆ ಹೋದೆವು. ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿದ ಈ ಸೇತುವೆಯ ಉದ್ದ 516 ಮೀಟರ್. ಹಗಲಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯಬೇಕಾದಲ್ಲಿ ಆಗ ನಾವು ಮೂವರು, ಒಬ್ಬ ಛಾಯಾಗ್ರಾಹಕ, ಮತ್ತು ಇಕ್ಕೆಲಗಳಲ್ಲಿ ನಿಂತ 30 ವಿಗ್ರಹಗಳು ಮಾತ್ರ. ಹಳೆ ಪಟ್ಟಣದ ಗೋಪುರದ ಹಿಂದಿನಿಂದ ಸೂರ್ಯ ಮೇಲೆದ್ದಂತೆ ಎದುರು ದಂಡೆಯ ಕೋಟೆಗೆ ಮೊದಲು ಬಿಸಿಲು ತಗುಲಿತು. ಕೆಳಗಿನ ವಲ್ಟಾವ ನದಿ ಇನ್ನೂ ನೆರಳಿನಲ್ಲೇ ಇತ್ತು. ಹೊಗೆ ಹಿಡಿದಂತೆ ಕಪ್ಪಾದ ಮರಳುಗಲ್ಲಿನ ನಡುವೆ, 1393ರಲ್ಲಿ ಇದೇ ನದಿಗೆ ಎಸೆಯಲ್ಪಟ್ಟ ಸಂತ ನೆಪೊಮುಕ್‌ನ ಪೀಠದ ಕಂಚಿನ ಫಲಕವೊಂದು ಮಾತ್ರ ಚಿನ್ನದಂತೆ ಹೊಳೆಯುತ್ತಿತ್ತು. ಹರಕೆ ಹೊತ್ತವರ ಬೆರಳುಗಳೇ ಅದನ್ನು ಉಜ್ಜಿ ಬೆಳಗಿಸಿವೆ. ನನ್ನ ಹೆಂಡತಿ ಏನೂ ಹೇಳದೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಸಂತ ವೀಟಸ್ ಕೆಥೆಡ್ರಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1344ರಲ್ಲಿ ಆರಂಭವಾಗಿ, ಯುದ್ಧಗಳಿಂದ ನಿಂತುಹೋಗಿ, 1929ರಲ್ಲಿ ಪೂರ್ಣಗೊಂಡ ಕಟ್ಟಡವದು. ಮಧ್ಯಾಹ್ನ ಎರಡನೆಯ ಸಲ ಒಳಗೆ ಹೋದಾಗ, ಬೆಳಿಗ್ಗೆ ಬೂದುಬಣ್ಣದ್ದಾಗಿದ್ದ ಕಲ್ಲಿನ ಕಂಬಗಳ ಮೇಲೆ ಕಿಟಕಿಗಾಜುಗಳ ಕೆಂಪು, ನೀಲಿ ಬೆಳಕು ಹರಡಿತ್ತು ಎಂಬುದಷ್ಟೇ ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಳೆ ಪುರಭವನದ ಗೋಡೆಯಲ್ಲಿರುವ, 1410ರಷ್ಟು ಹಳೆಯದಾದ ಖಗೋಳ ಗಡಿಯಾರ. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಹಗ್ಗ ಎಳೆಯುತ್ತದೆ, ಮೇಲಿನ ಎರಡು ಕಿಂಡಿಗಳಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಸರಿದುಹೋಗುತ್ತಾರೆ, ಕೊನೆಗೆ ಕೋಳಿ ಕೂಗುತ್ತದೆ. ಒಂದು ನಿಮಿಷದೊಳಗೆ ಎಲ್ಲವೂ ಮುಗಿದು ಜನ ಚದುರುತ್ತಾರೆ. ಜನ ಚದುರಿದ ಮೇಲೆ ನಾನು ಅಲ್ಲಿಯೇ ನಿಂತು ಗಡಿಯಾರದ ಮುಖವನ್ನು ಓದಲು ತೊಡಗಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನಿಗೆ ಅದನ್ನು ಬಿಟ್ಟುಹೋಗಲು ಮನಸ್ಸು ಬರಲಿಲ್ಲ.

ಮುಖ್ಯ ಮುಳ್ಳಿನ ತುದಿಯಲ್ಲಿರುವ ಚಿನ್ನದ ಕೈ ರೋಮನ್ ಅಂಕಿಗಳ ಮೇಲೆ ಗಂಟೆಯನ್ನು ತೋರಿಸುತ್ತದೆ. ಅದಕ್ಕೂ ಹೊರಗೆ 1ರಿಂದ 24ರವರೆಗೆ ಹಳೆಯ ಲಿಪಿಯ ಚಿನ್ನದ ಅಂಕಿಗಳಿರುವ ಕಪ್ಪು ಬಳೆಯೊಂದಿದೆ. ಹಿಂದೆ ಬೊಹೀಮಿಯಾದವರು ಸೂರ್ಯಾಸ್ತದಿಂದ ಗಂಟೆಗಳನ್ನು ಎಣಿಸುತ್ತಿದ್ದರಾದ್ದರಿಂದ 24 ಎಂಬುದು ಸದಾ ಸೂರ್ಯ ಮುಳುಗುವ ಕ್ಷಣಕ್ಕೆ ಹೊಂದಬೇಕು. ಋತುವಿಗೆ ತಕ್ಕಂತೆ ಆ ಕ್ಷಣ ಸರಿಯುವುದರಿಂದ ಬಳೆಯೂ ವರ್ಷವಿಡೀ ನಿಧಾನವಾಗಿ ಅತ್ತಿತ್ತ ಸರಿಯುತ್ತಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ನೋಡಿದಾಗ ಕೈ 14ರ ಸಮೀಪ ಇತ್ತು. ಹಿಂದಿನ ಸಂಜೆ ಏಳೂಕಾಲು ದಾಟಿದ ಮೇಲೆ ಸೂರ್ಯ ಮುಳುಗಿದ್ದನ್ನು ಬರೆದಿಟ್ಟುಕೊಂಡಿದ್ದೆ. ಬೆರಳು ಮಡಿಚಿ ಲೆಕ್ಕ ಹಾಕಿದರೆ ಸರಿಹೋಯಿತು. ನಮ್ಮ ತಂದೆ ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ರೀತಿ ನೆನಪಾಗಿ ಗಂಟಲು ತುಂಬಿ ಬಂತು.

ಒಂದು ಕಡೆ ಮಾತ್ರ ಲೆಕ್ಕ ತಪ್ಪಿತು. ರಾಶಿಗಳನ್ನು ಬರೆದ ಉಂಗುರದಲ್ಲಿ ಸೂರ್ಯ ಕನ್ಯೆಯಲ್ಲಿದ್ದ. ಆದರೆ ಉಡುಪಿಯ ನಮ್ಮ ಮನೆಯ ಪಂಚಾಂಗದ ಪ್ರಕಾರ ಸಿಂಹಮಾಸ, ಎಂದರೆ ತುಳುವರ ಸೋಣ ತಿಂಗಳು, ಇನ್ನೂ ಮುಗಿದಿರಲಿಲ್ಲ. ಕನ್ಯಾ ಸಂಕ್ರಮಣಕ್ಕೆ ಕೆಲವು ದಿನ ಬಾಕಿ ಇತ್ತು. ಅವರದು ವಿಷುವದಿಂದ ಅಳೆಯುವ ಸಾಯನ ಕ್ರಮ, ನಮ್ಮದು ನಕ್ಷತ್ರಗಳಿಂದ ಅಳೆಯುವ ನಿರಯನ ಕ್ರಮ. ಭೂಮಿಯ ಅಕ್ಷ ನಿಧಾನವಾಗಿ ತೂಗುವುದರಿಂದ ಎರಡರ ನಡುವೆ ಈಗ ಸುಮಾರು 24 ಅಂಶಗಳ ಅಂತರ ಬಿದ್ದಿದೆ. ತರಗತಿಯ ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದು ತೋರಿಸಿದ ಈ ವಿಷಯವನ್ನು ಒಂದು ಗೋಡೆಯ ಮೇಲೆ ಕಣ್ಣಾರೆ ಕಂಡದ್ದು ಅದೇ ಮೊದಲು.

ಗಡಿಯಾರದಿಂದ ಕೆಲವೇ ಹೆಜ್ಜೆ ದೂರದಲ್ಲಿ, ನೆಲದ ಹಾಸುಗಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಹ್ಯಾಬ್ಸ್‌ಬರ್ಗ್ ಅರಸನ ವಿರುದ್ಧ ದಂಗೆಯೆದ್ದ 27 ಜನರನ್ನು ಅಲ್ಲಿ ಕೊಲ್ಲಲಾಯಿತು. ಮೊದಲ ದಿನ ಅವುಗಳ ಮೇಲೆಯೇ ನಡೆದುಹೋಗಿದ್ದೆವೆಂದು ತಿಳಿದು ಮಗಳು ಬಹಳ ಹೊತ್ತು ಮೌನವಾಗಿದ್ದಳು.

ಕೊನೆಯ ಸಂಜೆ ಏಳು ಗಂಟೆಗೆ ಮತ್ತೆ ಅಲ್ಲಿಗೇ ಹೋದೆವು. ಮುಖಫಲಕದ ನೀಲಿ ಭಾಗ ಹಗಲು, ಅಂಚಿನ ಕೆಂಬಣ್ಣದ ಪಟ್ಟಿ ಸಂಧ್ಯೆ, ಕೆಳಗಿನ ಕಪ್ಪು ವೃತ್ತ ರಾತ್ರಿ. ಚಿನ್ನದ ಸೂರ್ಯ ನೀಲಿಯ ತುದಿಗೆ ಬಂದಿದ್ದ. ಏಳರ ಗಂಟೆ ಹೊಡೆದು ಜನ ಚದುರಿದ ಮೇಲೂ ನಾವು ಮೂವರು ಕತ್ತೆತ್ತಿ ನಿಂತೇ ಇದ್ದೆವು. ಚೌಕದ ಮನೆಗಳ ಮಾಡುಗಳಿಂದ ಬಿಸಿಲು ಜಾರಿತು. ಸ್ವಲ್ಪ ಹೊತ್ತಿನಲ್ಲೇ ಸೂರ್ಯ ಕೆಂಬಣ್ಣದ ಪಟ್ಟಿಯೊಳಗೆ ಕಾಲಿಟ್ಟ. ಚಿನ್ನದ ಕೈ 24ರ ಮೇಲೆ ಬಂದು ನಿಂತಿತು.