ಪ್ರತಿ ಮಗುವಿಗೂ ಶಾಲೆಯಿಂದ ಲ್ಯಾಪ್‌ಟಾಪ್: ಹಂಚುವ ಮೊದಲು, ಹಂಚಿದ ಮೇಲೆ

ಪರದೆ ಒಡೆದ ಲ್ಯಾಪ್‌ಟಾಪ್ ತರುವ ಮಕ್ಕಳು ಬಂದ ಕೂಡಲೇ ಏನೂ ಹೇಳುವುದಿಲ್ಲ. ಮೇಜಿನ ಮೇಲೆ ಇಟ್ಟು ಸುಮ್ನೆ ನಿಲ್ಲುತ್ತಾರೆ. ಮುಚ್ಚಳ ಎತ್ತಿ ನೋಡಿದರೆ ಪರದೆಯ ಕೆಳಗಡೆ ಒಂದು ಸಣ್ಣ ಚುಕ್ಕಿ, ಅಲ್ಲಿಂದ ಜೇಡರ ಬಲೆಯ ಹಾಗೆ ಹರಡಿದ ಬಿರುಕು. ಕೀಲಿಗಳ ಮೇಲೆ ಪೆನ್ಸಿಲ್ ಬಿಟ್ಟು ಮುಚ್ಚಳ ಹಾಕಿರುತ್ತಾರೆ, ಅಷ್ಟೇ. ಶಾಲೆಯ ರಿಪೇರಿ ಮೇಜಿನ ಹಿಂದೆ ಕೂತು ಇಂಥ ಬಿರುಕುಗಳನ್ನು ನಾನು ಬಹಳ ನೋಡಿದ್ದೇನೆ. ಪ್ರತಿ ಸಲವೂ ಒಂದೇ ಪ್ರಶ್ನೆ ಏಳುತ್ತದೆ: ಈ ಮಗು ನಾಳೆ ಬೆಳಗ್ಗೆ ಮೊದಲ ಪೀರಿಯಡ್‌ಗೆ ಏನು ಮಾಡುತ್ತದೆ?

ಒಂದು ಶಾಲಾ ಜಿಲ್ಲೆಯ, ಅಂದರೆ ಒಂದೇ ಆಡಳಿತದ ಕೆಳಗೆ ನಡೆಯುವ ಅಷ್ಟೂ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುವ ಯೋಜನೆ ಗಟ್ಟಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಈ ಪ್ರಶ್ನೆ ಸಾಕು. ಉತ್ತರ ಇದ್ದರೆ ಯೋಜನೆ ಇದೆ. ಇಲ್ಲದಿದ್ದರೆ ಇರುವುದು ಖರೀದಿ ಮಾತ್ರ. ನೀವು ಮುಖ್ಯ ಶಿಕ್ಷಕರಿರಲಿ, ಶಾಲಾ ಸಮಿತಿಯ ಸದಸ್ಯರಿರಲಿ, ಪೋಷಕರಿರಲಿ, ಕೆಳಗಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿಸಿ.

1. ಯಾವ ಪಾಠಕ್ಕೆ ಬೇಕು ಎಂದು ಬರೆದಿಡಿ

ಯಾವ ಕಂಪನಿ, ಎಷ್ಟು ಬೆಲೆ ಎಂಬುದು ಆಮೇಲೆ. ಯಾವ ತರಗತಿಯಲ್ಲಿ, ಯಾವ ವಿಷಯಕ್ಕೆ, ವಾರಕ್ಕೆ ಎಷ್ಟು ಹೊತ್ತು ಬಳಸುತ್ತೀರಿ ಎಂದು ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. 'ಡಿಜಿಟಲ್ ಕಲಿಕೆ' ಎಂದು ಬರೆದರೆ ಏನೂ ಬರೆಯದ ಹಾಗೆಯೇ. 'ಎಂಟನೇ ತರಗತಿಯ ಮಕ್ಕಳು ಪ್ರಬಂಧ ಬರೆದು, ಟೀಚರ್ ತಿದ್ದಿದ ಮೇಲೆ ಮತ್ತೆ ಬರೆಯುತ್ತಾರೆ' ಎಂದರೆ ಅದು ಕೆಲಸಕ್ಕೆ ಬರುವ ಮಾತು.

ಈ ಹಾಳೆ ಯಾಕೆ ಮುಖ್ಯ ಎಂಬುದಕ್ಕೆ ಪೆರು ದೇಶದ ಕಥೆ ನೋಡಿ. ಅಲ್ಲಿ ಸರ್ಕಾರ ಲಕ್ಷಗಟ್ಟಲೆ ಚಿಕ್ಕ ಲ್ಯಾಪ್‌ಟಾಪ್‌ಗಳನ್ನು ಹಳ್ಳಿ ಶಾಲೆಗಳಿಗೆ ಹಂಚಿತು. 319 ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಹೊರಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ. ಯಂತ್ರ ಬಂತು, ಆದರೆ ಪಾಠ ಹಳೆಯದೇ ಉಳಿಯಿತು. ಹಾಗಂತ ಲ್ಯಾಪ್‌ಟಾಪ್‌ನಿಂದ ಪ್ರಯೋಜನವೇ ಇಲ್ಲ ಎಂದಲ್ಲ. ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟ ಶಾಲೆಗಳ ಬಗ್ಗೆ ಬಂದ 10 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2016ರ ವಿಶ್ಲೇಷಣೆಯಲ್ಲಿ ಬರವಣಿಗೆ, ಇಂಗ್ಲಿಷ್, ಗಣಿತ, ವಿಜ್ಞಾನ ನಾಲ್ಕರಲ್ಲೂ ಸ್ವಲ್ಪ ಏಳಿಗೆ ಕಂಡಿತು.

2. ಮೊದಲು ಶಿಕ್ಷಕರ ಕೈಗೆ ಕೊಡಿ

ಮಕ್ಕಳಿಗೆ ಕೊಡುವ ಒಂದು ಅವಧಿ ಮೊದಲೇ, ಸಾಧ್ಯವಾದರೆ ಒಂದು ವರ್ಷ ಮೊದಲೇ, ಅದೇ ಮಾದರಿಯ ಲ್ಯಾಪ್‌ಟಾಪ್ ಶಿಕ್ಷಕರ ಬಳಿ ಇರಬೇಕು. ಅವರು ಅದನ್ನು ಮನೆಗೆ ಒಯ್ಯಲಿ, ತಪ್ಪು ಬಟನ್ ಒತ್ತಲಿ, ಪಾಠದ ಹಾಳೆಗಳನ್ನು ಅದರಲ್ಲೇ ಮಾಡಲಿ. ಒಂದು ದಿನದ ತರಬೇತಿ ಶಿಬಿರದಿಂದ ಏನೂ ಆಗುವುದಿಲ್ಲ. ಪ್ರತಿ ಶಾಲೆಯಲ್ಲೂ ಪಾಠವನ್ನೂ ಯಂತ್ರವನ್ನೂ ಬಲ್ಲ ಒಬ್ಬರು ಶಿಕ್ಷಕರಿಗೆ ವಾರದಲ್ಲಿ ಕೆಲವು ಪೀರಿಯಡ್ ಬಿಡುವು ಕೊಟ್ಟು, ಉಳಿದವರ ಪಕ್ಕ ಕೂತು ಹೇಳಿಕೊಡುವ ಕೆಲಸ ಒಪ್ಪಿಸಿ. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಫಲ ಕೊಡುವ ಖರ್ಚು ಇದೇ. ಬಜೆಟ್ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಬೀಳದ ಹಾಗೆ ನೋಡಿಕೊಳ್ಳಿ.

3. ನಾಲ್ಕು ವರ್ಷದ ಲೆಕ್ಕ ಹಾಕಿ

ಬೆಲೆಯನ್ನು ಮಕ್ಕಳ ಸಂಖ್ಯೆಯಿಂದ ಗುಣಿಸಿ ಬಂದ ಮೊತ್ತವನ್ನು ಸಭೆಯಲ್ಲಿ ಓದಿದರೆ ಅರ್ಧ ಲೆಕ್ಕ ಹೇಳಿದಂತೆ. ಅದರ ಜೊತೆಗೆ ಚೀಲ, ಹೆಚ್ಚುವರಿ ಚಾರ್ಜರ್, ನಿರ್ವಹಣಾ ಸಾಫ್ಟ್‌ವೇರ್‌ನ ಪರವಾನಗಿ, ವಾರಂಟಿ ಅಥವಾ ವಿಮೆ, ಬಿಡಿಭಾಗ, ರಿಪೇರಿ ಮಾಡುವವರ ಸಂಬಳ, ವೈಫೈ ಉಪಕರಣ, ಕೊನೆಗೆ ವಿಲೇವಾರಿ, ಇಷ್ಟನ್ನೂ ಸೇರಿಸಿ. ನೂರು ಮಕ್ಕಳಿಗೆ ನೂರೇ ಕೊಳ್ಳಬೇಡಿ. ಐದರಿಂದ ಹತ್ತು ಜಾಸ್ತಿ ಇರಲಿ. ಪೆನ್ಸಿಲ್ ಬಿಟ್ಟು ಮುಚ್ಚಿದ ಮಗುವಿಗೆ ನಾಳೆ ಬೆಳಗ್ಗೆ ಕೈಗೆ ಸಿಗುವುದು ಆ ಜಾಸ್ತಿಯಲ್ಲೊಂದು.

ಇನ್ನೊಂದು ದಿನಾಂಕವನ್ನು ಕೇಳಿಯೇ ಸಹಿ ಮಾಡಿ: ಈ ಯಂತ್ರಕ್ಕೆ ಸುರಕ್ಷತಾ ಅಪ್‌ಡೇಟ್ ಯಾವತ್ತಿನವರೆಗೆ ಬರುತ್ತದೆ? ಗೂಗಲ್‌ನ ಕ್ರೋಮ್ ಓಎಸ್‌ನಿಂದ ನಡೆಯುವ ಲ್ಯಾಪ್‌ಟಾಪ್‌ಗಳಾದ ಕ್ರೋಮ್‌ಬುಕ್‌ಗಳಿಗೆ 10 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿತು. ಆದರೆ ಆ ಎಣಿಕೆ ನೀವು ಕೊಂಡ ದಿನದಿಂದ ಶುರುವಾಗುವುದಿಲ್ಲ. ಆ ಮಾದರಿಯ ಒಳಗಿನ ವೇದಿಕೆ, ಅಂದರೆ ಅದರ ಚಿಪ್ ಮತ್ತು ಮೂಲ ವಿನ್ಯಾಸ, ಮೊದಲು ಮಾರುಕಟ್ಟೆಗೆ ಬಂದ ದಿನದಿಂದ ಶುರುವಾಗುತ್ತದೆ. ಅಗ್ಗಕ್ಕೆ ಸಿಕ್ಕಿತು ಎಂದು ಹಳೆಯ ದಾಸ್ತಾನು ಕೊಂಡರೆ ಮೂರ್ನಾಲ್ಕು ವರ್ಷ ಆಗಲೇ ಕಳೆದಿರಬಹುದು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ದಾನವಾಗಿ ಬರುವ ಹಳೆಯ ಲ್ಯಾಪ್‌ಟಾಪ್‌ಗಳನ್ನು ಒಪ್ಪಿಕೊಳ್ಳುವಾಗಲೂ ಇದು ನೆನಪಿರಲಿ.

4. ಕರೆಂಟು ಮತ್ತು ನೆಟ್

ಹಲವು ಲ್ಯಾಪ್‌ಟಾಪ್ ಒಟ್ಟಿಗೆ ಇಟ್ಟು ಚಾರ್ಜ್ ಮಾಡುವ, ಚಕ್ರ ಇರುವ ಕಪಾಟಿಗೆ ಚಾರ್ಜಿಂಗ್ ಗಾಡಿ ಎನ್ನುತ್ತಾರೆ. ಅಂಥ ಒಂದು ಗಾಡಿಯಲ್ಲಿ 30 ಲ್ಯಾಪ್‌ಟಾಪ್, ಒಂದೊಂದಕ್ಕೆ 45 ವಾಟ್ ಚಾರ್ಜರ್ ಎಂದುಕೊಳ್ಳಿ. ಎಲ್ಲ ಒಟ್ಟಿಗೆ ಎಳೆದರೆ 1350 ವಾಟ್. ಅಂಥ ಎರಡು ಗಾಡಿಗಳನ್ನು ಹಳೆಯ ಕಟ್ಟಡದ ಒಂದೇ ಲೈನಿಗೆ ಹಾಕಿದರೆ ಫ್ಯೂಸ್ ಹೋಗಬಹುದು. ಲ್ಯಾಪ್‌ಟಾಪ್ ಬರುವ ಮೊದಲೇ ಎಲೆಕ್ಟ್ರಿಷಿಯನ್ ಬಂದು ಪ್ರತಿ ಕೋಣೆಯ ವೈರಿಂಗ್ ನೋಡಿ ಹೋಗಲಿ. ಸಾಲು ಸಾಲಾಗಿ ಸರದಿಯಲ್ಲಿ ಚಾರ್ಜ್ ಮಾಡುವ ಗಾಡಿಗಳೂ ಸಿಗುತ್ತವೆ.

ನೆಟ್ ವಿಷಯದಲ್ಲಿ ಅಮೆರಿಕದ ಶಾಲೆಗಳು ಇಟ್ಟುಕೊಂಡ ಒಂದು ಗುರಿ ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ: 1000 ಮಕ್ಕಳಿಗೆ ಸೆಕೆಂಡಿಗೆ 1 ಗಿಗಾಬಿಟ್. ಅಂದರೆ ಮಗುವಿಗೆ 1 ಮೆಗಾಬಿಟ್. ಹೊರಗಿನ ಲೈನ್ ಎಷ್ಟೇ ದಪ್ಪ ಇರಲಿ, ತರಗತಿಯ ವೈಫೈ ಪೆಟ್ಟಿಗೆ ಒಂದೇ ಸಲಕ್ಕೆ ನಲವತ್ತು ಯಂತ್ರ ತಡೆಯಬೇಕು. ಪರೀಕ್ಷಿಸುವುದು ಸುಲಭ. ಒಂದು ಇಡೀ ತರಗತಿಯನ್ನು ಕೂರಿಸಿ, ಎಲ್ಲರೂ ಒಂದೇ ಕ್ಷಣಕ್ಕೆ ಲಾಗಿನ್ ಆಗಿ ಒಂದೇ ವಿಡಿಯೊ ತೆರೆಯಲಿ. ಖಾಲಿ ಶಾಲೆಯಲ್ಲಿ ಒಬ್ಬರು ಓಡಾಡಿ ಸಿಗ್ನಲ್ ಅಳೆದರೆ ಏನೂ ಗೊತ್ತಾಗುವುದಿಲ್ಲ.

5. ಕೈಯಲ್ಲಿ ಹಿಡಿದು ಆರಿಸಿ

ಪ್ರೊಸೆಸರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಂಚಿಗೆ ರಬ್ಬರ್ ಇದೆಯಾ, ಕೀಲಿಮಣೆಯ ಮೇಲೆ ನೀರು ಚೆಲ್ಲಿದರೆ ತಡೆಯುತ್ತದಾ, ಬ್ಯಾಟರಿ ಒಂದು ಶಾಲಾ ದಿನ ಪೂರ್ತಿ ಬರುತ್ತದಾ, ಪರದೆ ಬದಲಿಸಲು ಎಷ್ಟು ಸ್ಕ್ರೂ ಬಿಚ್ಚಬೇಕು ಎಂದು ನೋಡಿ. ಚಾರ್ಜಿಂಗ್ ಪೋರ್ಟ್ ಮದರ್‌ಬೋರ್ಡಿಗೇ ಬೆಸೆದಿದ್ದರೆ ಬೇಡ. ಬೇರೆ ಸಣ್ಣ ತುಣುಕಾಗಿದ್ದರೆ ಹತ್ತು ನಿಮಿಷದ ರಿಪೇರಿ. ಎರಡು ಮೂರು ಮಾದರಿ ತರಿಸಿ ಮಕ್ಕಳ ಕೈಗೇ ಒಂದು ವಾರ ಕೊಡಿ.

6. ಗುರುತು ಮತ್ತು ನಿರ್ವಹಣೆ

ಪ್ರತಿ ಯಂತ್ರಕ್ಕೂ ಬಾರ್‌ಕೋಡ್ ಇರುವ ಚೀಟಿ ಅಂಟಿಸಿ, ಅದರ ಸೀರಿಯಲ್ ನಂಬರನ್ನು ಮಗುವಿನ ಹೆಸರಿನ ಜೊತೆ ದಾಖಲಿಸಿ. ಚಾರ್ಜರಿಗೂ ಬೇರೆ ಚೀಟಿ ಹಾಕಿ. ಮೊದಲು ಕಳೆಯುವುದು ಅದೇ. ಎಲ್ಲ ಯಂತ್ರಗಳೂ ಒಂದೇ ಕಡೆಯಿಂದ ನಡೆಯುವ ನಿರ್ವಹಣಾ ವ್ಯವಸ್ಥೆಗೆ ಸೇರಿರಬೇಕು. ಎಲ್ಲ ಅಳಿಸಿ ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ತಂದರೂ ಮತ್ತೆ ಅದಕ್ಕೇ ತಾನಾಗಿ ಸೇರುವಂತಿರಬೇಕು. 2013ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಐಪ್ಯಾಡ್ ಹಂಚಿದ ಕೆಲವೇ ದಿನಕ್ಕೆ ನೂರಾರು ವಿದ್ಯಾರ್ಥಿಗಳು ಅದರೊಳಗೆ ಶಾಲೆ ಹಾಕಿದ್ದ ನಿರ್ವಹಣಾ ಪ್ರೊಫೈಲ್ (ತಡೆಗಳ ಸೆಟ್ಟಿಂಗ್) ಅಳಿಸಿ ತಡೆಗಳನ್ನೆಲ್ಲ ದಾಟಿದರು. ಮನೆಗೆ ಒಯ್ಯುವುದನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಆ ದೊಡ್ಡ ಗುತ್ತಿಗೆಯೂ ನಿಂತಿತು.

7. ಕರಾರು, ಮತ್ತು ಶಾಲೆ ಏನು ನೋಡಬಾರದು ಎಂಬ ಮಾತು

ಮನೆಗೆ ಕಳಿಸುವ ಕರಾರಿನಲ್ಲಿ ಸಾಮಾನ್ಯವಾಗಿ ಮಕ್ಕಳು ಏನು ಮಾಡಬಾರದು ಎಂದೇ ಎರಡು ಪುಟ ಇರುತ್ತದೆ. ಶಾಲೆ ಏನು ಮಾಡಬಾರದು ಎಂಬುದೂ ಅಷ್ಟೇ ಸ್ಪಷ್ಟವಾಗಿ ಇರಬೇಕು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲೋವರ್ ಮೆರಿಯನ್ ಎಂಬ ಶಾಲಾ ಜಿಲ್ಲೆ ಇದೆ. ಕಳುವಾದ ಲ್ಯಾಪ್‌ಟಾಪ್ ಹುಡುಕಲೆಂದು ಅಲ್ಲಿ ಕ್ಯಾಮೆರಾವನ್ನು ದೂರದಿಂದಲೇ ಚಾಲೂ ಮಾಡುವ ಸಾಫ್ಟ್‌ವೇರ್ ಹಾಕಿದ್ದರು. ಮಕ್ಕಳು ಮನೆಯಲ್ಲಿ, ತಮ್ಮ ಕೋಣೆಯಲ್ಲಿ ಇದ್ದಾಗಲೂ ಅದು ಚಿತ್ರ ತೆಗೆಯುತ್ತಿತ್ತು. ಮಕ್ಕಳಿಗೂ ಪೋಷಕರಿಗೂ ಅದನ್ನು ಯಾರೂ ಹೇಳಿರಲಿಲ್ಲ. 2010ರಲ್ಲಿ ಒಂದು ಕುಟುಂಬ ಕೋರ್ಟಿಗೆ ಹೋಯಿತು. ಸಾವಿರಾರು ಚಿತ್ರಗಳು ಇದ್ದದ್ದು ಹೊರಬಿತ್ತು. ಅದೇ ವರ್ಷ 6,10,000 ಡಾಲರ್‌ಗೆ ರಾಜಿಯಾಯಿತು. ಉದ್ದೇಶ ಕಳ್ಳತನ ತಡೆಯುವುದೇ ಇದ್ದಿರಬಹುದು. ಆದರೆ ಒಂದು ಮಗುವಿನ ಮಲಗುವ ಕೋಣೆಗೆ ಶಾಲೆ ಇಣುಕಿತು ಅಲ್ವಾ? ಅದನ್ನು ಓದಿದಾಗ ಆದ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಆದ್ದರಿಂದ ಕರಾರಿನಲ್ಲಿ ನೇರವಾಗಿ ಬರೆಯಿರಿ: ಕ್ಯಾಮೆರಾ ಮತ್ತು ಮೈಕ್ ಅನ್ನು ಶಾಲೆ ದೂರದಿಂದ ಯಾವತ್ತೂ ಚಾಲೂ ಮಾಡುವುದಿಲ್ಲ. ಪರದೆ ನೋಡುವ ಸೌಲಭ್ಯ ಇದ್ದರೆ ಅದು ಶಾಲೆಯ ಹೊತ್ತಿನಲ್ಲಿ ಮಾತ್ರ. ಯಾವ ವೆಬ್‌ಸೈಟ್ ನೋಡಿದರು ಎಂಬ ದಾಖಲೆ ಎಷ್ಟು ದಿನ ಉಳಿಯುತ್ತದೆ, ಅದನ್ನು ಯಾರು ತೆರೆಯಬಹುದು ಎಂಬುದೂ ಅಲ್ಲೇ ಇರಲಿ. ಕ್ಯಾಮೆರಾಕ್ಕೆ ಸರಿಸುವ ಮುಚ್ಚಳ ಇರುವ ಮಾದರಿ ಸಿಕ್ಕರೆ ಅದನ್ನೇ ಕೊಳ್ಳಿ. ಕರಾರು ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ, ಒಂದೇ ಪುಟದಲ್ಲಿ ಇರಲಿ.

ದಂಡದ ಬಗ್ಗೆ ಒಂದು ಮಾತು. ಒಡೆದದ್ದಕ್ಕೆಲ್ಲ ಪೂರ್ತಿ ಹಣ ಕೇಳಿದರೆ, ಕೊಡಲಾಗದ ಮನೆಯ ಮಗು ಲ್ಯಾಪ್‌ಟಾಪನ್ನು ಚೀಲದಿಂದ ಹೊರಗೇ ತೆಗೆಯುವುದಿಲ್ಲ. ಬೇಕಂತಲೇ ಮಾಡಿದ ಹಾನಿ ಬೇರೆ, ಕೈತಪ್ಪು ಬೇರೆ. ಕೈತಪ್ಪಿಗೆ ಮೊದಲ ಸಲ ಏನೂ ಕೇಳಬೇಡಿ.

8. ಒಂದೇ ದಿನ ಎಲ್ಲರಿಗೂ ಬೇಡ

ಅಮೆರಿಕದ ಮೈನ್ ರಾಜ್ಯ 2002ರಲ್ಲಿ ಏಳನೇ ತರಗತಿಗೆ ಮಾತ್ರ ಕೊಟ್ಟಿತು. ಎಂಟನೇ ತರಗತಿಗೆ ಕೊಟ್ಟದ್ದು ಮರುವರ್ಷ. ಉರುಗ್ವೆ ದೇಶ 2007ರಲ್ಲಿ ವಿಲಾ ಕಾರ್ಡಾಲ್ ಎಂಬ ಪುಟ್ಟ ಊರಿನ ಶಾಲೆಯಿಂದ ಶುರುಮಾಡಿ, 2009ರ ಹೊತ್ತಿಗೆ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನೂ ಮುಟ್ಟಿತು. ನೀವೂ ಒಂದು ಶಾಲೆ ಅಥವಾ ಒಂದು ತರಗತಿಯಿಂದ ಶುರುಮಾಡಿ. ಅಲ್ಲಿ ಕಂಡ ತಪ್ಪನ್ನು ತಿದ್ದಿಕೊಂಡೇ ಮುಂದೆ ಹೋಗಿ. ಹಂಚುವ ದಿನ ಪೋಷಕರನ್ನು ಕರೆಯಿರಿ. ಪರದೆ ಹಿಡಿದು ಎತ್ತಬಾರದು, ಮುಚ್ಚುವ ಮೊದಲು ಕೀಲಿಗಳ ಮೇಲೆ ಕೈಯಾಡಿಸಬೇಕು ಎಂದು ಮಕ್ಕಳ ಕೈಯಲ್ಲೇ ಮಾಡಿಸಿ ತೋರಿಸಿ.

9. ರಿಪೇರಿ ಮೇಜು

ಇದು ಪ್ರತಿ ಶಾಲೆಯಲ್ಲೂ ಇರಬೇಕು. ಜಿಲ್ಲೆಯ ಮುಖ್ಯ ಕಚೇರಿಯಲ್ಲಿ ಒಂದೇ ಇದ್ದರೆ ಲ್ಯಾಪ್‌ಟಾಪ್ ಹೋಗಿ ಬರುವುದಕ್ಕೇ ಎರಡು ವಾರ ಬೇಕು. ಮೇಜು ಲೈಬ್ರರಿಯಲ್ಲೇ ಇದ್ದರೆ ಒಳ್ಳೆಯದು. ಬೆಳಗ್ಗೆ ಗಂಟೆ ಹೊಡೆಯುವ ಅರ್ಧ ತಾಸು ಮೊದಲೇ ತೆರೆದಿರಲಿ.

ಕ್ರಮ ಇಷ್ಟೇ: ಮಗು ಬರುತ್ತದೆ, ಬಾರ್‌ಕೋಡ್ ಓದಿಸುತ್ತೀರಿ, ಏನಾಯಿತು ಎಂದು ಒಂದು ಸಾಲು ಬರೆದುಕೊಳ್ಳುತ್ತೀರಿ, ಬದಲಿ ಲ್ಯಾಪ್‌ಟಾಪ್ ಕೊಡುತ್ತೀರಿ. ಐದು ನಿಮಿಷ. ಮಗು ತರಗತಿಗೆ ವಾಪಸ್. ಬೈಯುವುದು, ವಿಚಾರಣೆ ಮಾಡುವುದು ಈ ಮೇಜಿನ ಕೆಲಸ ಅಲ್ಲ. ಬೈಸಿಕೊಂಡ ಮಗು ಮುಂದಿನ ಸಲ ಒಡೆದದ್ದನ್ನು ತರುವುದೇ ಇಲ್ಲ, ಬಚ್ಚಿಡುತ್ತದೆ.

ಒಂದು ಸಲ ಒಬ್ಬ ಹುಡುಗಿ ಬಂದು, "ಮೌಸ್ ಒತ್ತೋಕೆ ಆಗ್ತಿಲ್ಲ, ಗಟ್ಟಿಯಾಗಿದೆ" ಎಂದಳು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರೆ ತೊಟ್ಟಿಲಂತೆ ತೂಗುತ್ತಿತ್ತು. ಕೆಳಗಿನ ತಗಡು ಉಬ್ಬಿತ್ತು. ಬ್ಯಾಟರಿ ಊದಿಕೊಂಡಿತ್ತು. ಇಂಥದ್ದನ್ನು ಕಂಡ ಕೂಡಲೇ ಆಫ್ ಮಾಡಿ. ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹಿಡಿಯುವ ವಸ್ತುಗಳಿಂದ ದೂರ ಇಟ್ಟು, ಬ್ಯಾಟರಿ ವಿಲೇವಾರಿ ಮಾಡುವವರಿಗೆ ಕೊಡಿ. ಟಚ್‌ಪ್ಯಾಡ್ ಗಟ್ಟಿಯಾಗುವುದು, ಮುಚ್ಚಳ ಸರಿಯಾಗಿ ಕೂರದೆ ಇರುವುದು ಇದರ ಮೊದಲ ಸುಳಿವು. ಇದನ್ನು ಎಲ್ಲ ಶಿಕ್ಷಕರಿಗೂ ಹೇಳಿಕೊಡಿ.

ದೊಡ್ಡ ತರಗತಿಯ ಮಕ್ಕಳನ್ನು ಈ ಮೇಜಿಗೆ ಸೇರಿಸಿಕೊಳ್ಳಿ. ಪರದೆ, ಕೀಲಿಮಣೆ ಬದಲಿಸುವುದನ್ನು ಅವರು ಬೇಗ ಕಲಿಯುತ್ತಾರೆ. ಆದರೆ ಬೇರೆ ಮಕ್ಕಳ ಪಾಸ್‌ವರ್ಡ್, ಕಡತ ಅವರ ಕೈಗೆ ಸಿಗಬಾರದು. ಬ್ಯಾಟರಿ ಕೆಲಸವನ್ನೂ ದೊಡ್ಡವರೇ ಮಾಡಬೇಕು.

10. ಮನೆಯಲ್ಲಿ ನೆಟ್ ಇಲ್ಲದವರು

ಇದನ್ನು ತರಗತಿಯಲ್ಲಿ ಕೈ ಎತ್ತಿಸಿ ಕೇಳಬೇಡಿ. ಪೋಷಕರಿಗೆ ಚೀಟಿ ಕಳಿಸಿ ಕೇಳಿ. ಮನೆಯಲ್ಲಿ ನೆಟ್ ಇದ್ದೂ ಅದು ಒಂದು ಫೋನಿನ ಡೇಟಾ ಮಾತ್ರ ಆಗಿರಬಹುದು, ಅದನ್ನೂ ಕೇಳಿ. ಅಂಥ ಮಕ್ಕಳಿಗೆ ಹಾಟ್‌ಸ್ಪಾಟ್ ಎರವಲು ಕೊಡುವುದು ಒಂದು ದಾರಿ. ಸಂಜೆ ಶಾಲೆಯ ಲೈಬ್ರರಿ ತೆರೆದಿಡುವುದು ಇನ್ನೊಂದು. ಇವೆರಡಕ್ಕಿಂತ ಮೊದಲು ಮಾಡಬೇಕಾದದ್ದು, ಮನೆಗೆಲಸವನ್ನು ಶಾಲೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದೆಯೂ ಮಾಡುವಂತೆ ಕೊಡುವುದು. ಇದಕ್ಕೆ ದುಡ್ಡು ಬೇಕಿಲ್ಲ, ಶಿಕ್ಷಕರಿಗೆ ನೆನಪಿದ್ದರೆ ಸಾಕು.

11. ವಾಪಸ್ ಪಡೆಯುವಾಗ

ದೀರ್ಘ ರಜೆಗೆ ಮುಂಚೆ ತೆಗೆದುಕೊಂಡು, ಒರೆಸಿ, ಬ್ಯಾಟರಿ ಅರ್ಧದಷ್ಟು ಚಾರ್ಜ್ ಇರುವಾಗ ಆಫ್ ಮಾಡಿ ತಂಪಾದ ಒಣ ಜಾಗದಲ್ಲಿಡಿ. ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಬ್ಯಾಟರಿ ಬೇಗ ಸಾಯುತ್ತದೆ.

ಆಯಸ್ಸು ಮುಗಿದವನ್ನು ಏನು ಮಾಡುವುದು ಎಂದೂ ಮೊದಲೇ ಯೋಚಿಸಿ. ವರ್ಜೀನಿಯಾದ ಹೆನ್ರೈಕೊ ಕೌಂಟಿಯಲ್ಲಿ 2005ರಲ್ಲಿ 1000 ಹಳೆಯ ಶಾಲಾ ಲ್ಯಾಪ್‌ಟಾಪ್‌ಗಳನ್ನು ತಲಾ 50 ಡಾಲರ್‌ಗೆ ಮಾರಾಟಕ್ಕಿಟ್ಟರು. ಸಾವಿರಾರು ಜನ ಬಂದು ನೂಕುನುಗ್ಗಲಾಗಿ ಹಲವರಿಗೆ ಗಾಯವಾಯಿತು. ಮಾರುವುದಾದರೆ ಹೆಸರು ಬರೆಸಿಕೊಂಡು ಚೀಟಿ ಎತ್ತಿ ಮಾರಿ. ಅದಕ್ಕೂ ಮೊದಲು ಡಿಸ್ಕ್ ಪೂರ್ತಿ ಅಳಿಸಿದ್ದಕ್ಕೆ ಒಂದೊಂದು ಯಂತ್ರಕ್ಕೂ ದಾಖಲೆ ಇಡಿ.

ಅಳಿಸುವ ಮೊದಲು ಮಕ್ಕಳಿಗೆ ಎರಡು ವಾರ ಮುಂಚೆ ಹೇಳಿ. ಶಾಲೆ ಬಿಟ್ಟು ಹೋಗುವ ಮಕ್ಕಳ ಶಾಲಾ ಖಾತೆಯೂ ಮುಚ್ಚುತ್ತದೆ. ನಾಲ್ಕು ವರ್ಷದ ಪ್ರಬಂಧ, ವಿಜ್ಞಾನ ಮೇಳದ ಚಿತ್ರ, ಯಾರಿಗೂ ತೋರಿಸದೆ ಬರೆದಿಟ್ಟ ಕಥೆ ಎಲ್ಲ ಅದರಲ್ಲೇ ಇರುತ್ತವೆ. ಒಂದು ಪೀರಿಯಡ್ ಅದಕ್ಕೆಂದೇ ಬಿಟ್ಟುಕೊಡಿ, ಕೂತು ನಕಲು ಮಾಡಿಕೊಳ್ಳಲಿ. ಪೆನ್‌ಡ್ರೈವ್ ಇಲ್ಲದವರಿಗೆ ಕೊಡಲು ನಾಲ್ಕಾರು ನಿಮ್ಮ ಮೇಜಿನ ಡ್ರಾಯರಿನಲ್ಲಿರಲಿ.